ಯಾವ ಕೋಟೆ

ಚಿತ್ತಪ್ಪ ಊಟಕ್ಕೆ ಕರೆದಾಗಲೇ ಬೇಡ ಅಂದುಬಿಡಬೇಕಿತ್ತು. ಅನ್ನಲಿಲ್ಲ. ಈಗ ಮಡಕಶಿರದ ಕಲ್ಯಾಣಮಂಟಪದ ಮಹಡಿ ಮೆಟ್ಟಿಲ ಮೇಲೆ, ಬೆಳಿಗ್ಗೆ ಪೂಲ್ ಪಂದ್ಯದ ಸೆಮಿಫೈನಲ್‌ನಲ್ಲಿ ತಾನು ಸೋಲಿಸಿದ ಮನುಷ್ಯನ ಪಕ್ಕದಲ್ಲೇ ಕೂತು, ಆ ಮನುಷ್ಯನ ಮನೆಯ ಮುದ್ದೆಯನ್ನು ಆ ಮನುಷ್ಯನ ಡಬ್ಬಿಯ ಮುಚ್ಚಳದಲ್ಲೇ ಹಾಕಿಸಿಕೊಂಡು ಉಣ್ಣುವ ಗತಿ ವಾಗೀಶನಿಗೆ ಬಂದಿತ್ತು. ರಾಯದುರ್ಗದಲ್ಲಿ ರೊಟ್ಟಿ ತಿಂದು ಬೆಳೆದ ಬಾಯಿ, ನಲವತ್ಮೂರು ವರ್ಷದಿಂದ ಏನು ಕೊಟ್ಟರೂ ಅಗಿದೇ ನುಂಗಿದ ಬಾಯಿ. ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತು. "ಅಗೀಬ್ಯಾಡಿ ಕಣಣ್ಣ, ಸಾರ್ನಾಗೆ ಅದ್ಕಂಡು ಹಂಗೇ ನುಂಗ್ಬುಡಿ," ಎಂದ ಚಿತ್ತಪ್ಪ. ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ ಇಬ್ಬರು ಮೂವರು ತಿರುಗಿ ನೋಡಿ ನಕ್ಕರು. ಕೆಟ್ಟ ನಗು ಅಲ್ಲ. ವಾಗೀಶನಿಗೆ ತಡೆಯಲಾಗದ್ದು ಅದೇ: ಈ ಊರಿನಲ್ಲಿ ಯಾರೂ ಕೆಟ್ಟದಾಗಿ ನಗುತ್ತಿರಲಿಲ್ಲ, ಹಾಗಾಗಿ ಯಾರ ಮುಖಕ್ಕೂ ಬೈಯುವ ಹಾಗಿರಲಿಲ್ಲ. ಚಿತ್ತಪ್ಪ ಅಮರಾಪುರದ ಕಡೆಯ ಲೈನ್‌ಮನ್. ಕರೆಂಟು ಕಂಬ ಹತ್ತಿ ಹತ್ತಿ ಅಂಗೈ ಚಪ್ಪಲಿಯ ಅಟ್ಟೆಯ ಹಾಗಾಗಿತ್ತು. ವಯಸ್ಸಿನಲ್ಲಿ ಹತ್ತು ವರ್ಷವಾದರೂ ದೊಡ್ಡವನು, ಆದರೂ ಬಾಯಿ ತೆರೆದರೆ ಅಣ್ಣ. "ಸೊಪ್ಪಿನ ಸಾರು ಕಣಣ್ಣ, ಅನುಮಾನ ಬ್ಯಾಡ. ನೀವು ಲಿಂಗ ಕಟ್ಟಿರೋರು ಅಂತ ಆಟ ಮುಗಿದೇಟ್ಗೇ ಮನೇಗೆ ಫೋನ್ ಮಾಡ್ದೆ. ಇವತ್ತು ಬಾಡು ಬ್ಯಾಡ, ಸೊಪ್ಪು ಬೇಯ್ಸಿ ಕಳ್ಸು ಅಂದೆ." ಸೋತ ಮನುಷ್ಯ, ಸೋತ ಕೂಡಲೇ ಫೋನ್ ತೆಗೆದು, ಗೆದ್ದವನಿಗೆ ಏನು ಅಡುಗೆ ಮಾಡಬೇಕು ಅಂತ ಹೆಂಡತಿಗೆ ಹೇಳುತ್ತಾನಂತೆ! ಥೂ, ಎಂಥ ಜನ. ವಾಗೀಶ್ ಇನ್ನೊಂದು ತುತ್ತು ನುಂಗಲು ಹೋಗಿ ಕೆಮ್ಮಿದ. ಚಿತ್ತಪ್ಪ ಬೆನ್ನು ಸವರಿದ.

ಆ ಕೈ ಬೆನ್ನ ಮೇಲಿಂದ ಹೋದರೆ ಸಾಕು ಅಂತ ನೀರಿನ ನೆಪ ಹೇಳಿ ಎದ್ದ. ಬೆಳಿಗ್ಗೆ ಆದದ್ದಾದರೂ ಏನು, ಅರ್ಧ ನಿಮಿಷದ್ದು. ಕಡೇ ಆಟ, ಇಬ್ಬರದೂ ಸಮ. ಬಿಳಿ ಚೆಂಡು ಉಳಿದ ಚೆಂಡುಗಳ ಗುಂಪಿನ ಆಚೆ ನಿಂತಿತ್ತು. ವಾಗೀಶ್ ಹೊಟ್ಟೆಯನ್ನು ಟೇಬಲ್ಲಿನ ಅಂಚಿಗೆ ಒತ್ತಿ, ಒಂದು ಕಾಲಿನ ತುದಿಬೆರಳ ಮೇಲೆ ನಿಂತು, ಎಡಗೈಯನ್ನು ಗುಂಪಿನ ಮೇಲಿಂದ ದಾಟಿಸಿದ್ದ. ಅಂಗಿಯ ತೋಳಿಗೆ ಗುಂಡಿ ಹಾಕಿರಲಿಲ್ಲ. ಆ ತೋಳಿನ ತುದಿ ಚಿತ್ತಪ್ಪನ ಹಳದಿ ಪಟ್ಟೆಯ ಚೆಂಡಿಗೆ ತಾಕಿ, ಅದು ಒಂದು ಶೇಂಗಾಬೀಜದಷ್ಟು ಸರಿಯಿತು. ಕೋಲಿನ ತುದಿ ಬಿಳಿ ಚೆಂಡಿಗೆ ತಾಕಬೇಕೇ ಹೊರತು, ಮೈಯಾಗಲಿ ಬಟ್ಟೆಯಾಗಲಿ ಯಾವ ಚೆಂಡಿಗೆ ತಾಕಿದರೂ ಫೌಲ್. ಸರದಿ ಎದುರಾಳಿಗೆ ಹೋಗುತ್ತದೆ, ಬಿಳಿ ಚೆಂಡನ್ನು ಅವನು ತನಗೆ ಬೇಕಾದಲ್ಲಿ ಇಟ್ಟುಕೊಂಡು ಹೊಡೆಯಬಹುದು. ಅಂಪೈರ್ ಜಯಣ್ಣ ಮೇಷ್ಟ್ರು ಸರಿಯಾಗಿ ಆ ಹೊತ್ತಿಗೇ ಫ್ಯಾನ್ ನಿಲ್ಲಿಸಲು ಗೋಡೆಯ ಕಡೆ ತಿರುಗಿದ್ದರು. ಚಿತ್ತಪ್ಪ ಮೂಲೆಯಲ್ಲಿ ತಲೆ ಬಗ್ಗಿಸಿ ತನ್ನ ಕೋಲಿನ ತುದಿಗೆ ಚಾಕ್ ಉಜ್ಜುತ್ತಿದ್ದ. ಯಾರೂ ನೋಡದಿದ್ದರೆ ಆಡುವವನೇ ಹೇಳಬೇಕು, ಈ ಆಟದ ಮರ್ಯಾದೆಯೇ ಅದು. ಇಪ್ಪತ್ತು ವರ್ಷದಲ್ಲಿ ವಾಗೀಶ್ ತಾನಾಗಿಯೇ ಕೋಲು ಕೆಳಗಿಟ್ಟು "ನಂದು ಫೌಲ್ರಿ" ಅಂದದ್ದು ಎಷ್ಟು ಸಲವೋ. ಬೆಳಿಗ್ಗೆಯೂ ಅನ್ನಲು ಬಾಯಿ ತೆರೆದದ್ದು ನಿಜ. ಆದರೆ ಬಾಯಿ ಮಾತಾಡುವ ಮೊದಲೇ ಕೈ ಹೊಡೆದಾಗಿತ್ತು, ಚೆಂಡು ಬಿದ್ದಾಗಿತ್ತು, ಹಿಂದಿನಿಂದ, ಊರಿಂದ ಜೊತೆಗೆ ಬಂದಿದ್ದ ಗೆಳೆಯ ರವಿಶಂಕರ "ಭಲೇ!" ಅಂದಾಗಿತ್ತು. ಆಮೇಲೆ ಹೇಳುವುದಕ್ಕೆ ಹೊತ್ತೆಲ್ಲಿತ್ತು? ಹೊತ್ತಿತ್ತು. ಕೈಕುಲುಕುವಾಗ ಇತ್ತು, ಜಯಣ್ಣ ಮೇಷ್ಟ್ರು ಹಾಳೆಗೆ ಸಹಿ ಹಾಕಿಸುವಾಗ ಇತ್ತು, ಮುಚ್ಚಳದಲ್ಲಿ ಮುದ್ದೆ ಬಿದ್ದಾಗಲೂ ಇತ್ತು. ತನಗೆ ತಾನೇ ಉತ್ತರ ಕೊಟ್ಟುಕೊಂಡು, ಆ ಉತ್ತರಕ್ಕೆ ತಾನೇ ಸಿಟ್ಟಾಗಿ ವಾಗೀಶ್ ನಲ್ಲಿಯ ಕೆಳಗೆ ಕೈ ಹಿಡಿದ. ಮುದ್ದೆಯ ಅಂಟು ಹೋಗಲಿಲ್ಲ.

ಕೈ. ಎಲ್ಲಾ ಈ ಬಲಗೈಯಿಂದ. ಅಂಗಡಿಯಲ್ಲಿ ಇದಕ್ಕೆ ಏನೂ ಆಗುವುದಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು ಬಟ್ಟೆಗೆ, ದಾರಕ್ಕೆ, ಜಿಪ್ಪಿಗೆ ವಾಗೀಶನ ಅಂಗಡಿಗೇ ಬರುತ್ತಾರೆ. ಥಾನು ಬಿಚ್ಚಿ, ಗೆರೆ ಹಾಕದೆ, ಕಣ್ಣಳತೆಯಲ್ಲೇ ಕತ್ತರಿ ಓಡಿಸಿದರೆ ಒಂದು ಎಳೆಯೂ ಆಚೀಚೆ ಆಗುವುದಿಲ್ಲ. ನಾಲ್ಕು ಮೆಷಿನ್ ಇಟ್ಟುಕೊಂಡಿರುವ ನಾಗಲಕ್ಷ್ಮಮ್ಮ ಅದನ್ನು ನೋಡುವುದಕ್ಕೆಂದೇ ನಿಲ್ಲುತ್ತಾಳೆ, "ಏನ್ ಕೈರೀ ನಿಮ್ದು!" ಅನ್ನುತ್ತಾಳೆ. ಅದೇ ಕೈ, ಇದು ಕಡೇ ಚೆಂಡು, ಸುತ್ತ ಜನ ನಿಂತು ನೋಡುತ್ತಿದ್ದಾರೆ ಅಂತ ಗೊತ್ತಾದರೆ ಸಾಕು, ಮೊಣಕೈಯಿಂದ ಶುರುಮಾಡುತ್ತದೆ. ಅನಂತಪುರದ ಡಾಕ್ಟರು ನರ ನೋಡಿ, ರಕ್ತ ನೋಡಿ, "ಏಮೀ ಲೇದು, ಏನೂ ಇಲ್ಲ, ಎಲ್ಲಾ ಮನಸ್ಸಿಂದು" ಎಂದು ಕಳಿಸಿದ್ದರು. ಮನಸ್ಸಿಂದಂತೆ! ಕಾಯಿಲೆ ಅಂದಿದ್ದರೆ ಎಷ್ಟೋ ವಾಸಿಯಿತ್ತು, ತಪ್ಪು ಅವನದಾಗುತ್ತಿರಲಿಲ್ಲ. ಒಂಬತ್ತು ವರ್ಷದ ಕೆಳಗೆ ರವಿಶಂಕರನ ಪೂಲ್ ಪಾರ್ಲರಿನಲ್ಲೇ, ದಸರೆಯ ಪಂದ್ಯದ ಫೈನಲ್‌ನಲ್ಲಿ, ತನ್ನ ಚೆಂಡುಗಳೆಲ್ಲ ಮುಗಿದ ಮೇಲೆ ಬೀಳಿಸಿದವನು ಗೆಲ್ಲುವ ಕರಿ ಚೆಂಡು ಪಾಕೆಟ್ಟಿನ ಬಾಯಲ್ಲಿ ಕೂತಿತ್ತು, ಊದಿದರೆ ಬೀಳಬೇಕು. ಕೋಲು ಬಿಳಿ ಚೆಂಡಿನ ಹಿಂದೆ ಟಕಟಕ ಕುಣಿಯಿತು, ತಾಗಬಾರದ ಕಡೆ ತಾಗಿತು, ಕರಿ ಚೆಂಡು ಕೂತಲ್ಲೇ ಕೂತಿತ್ತು, ಬಿಳಿಯದು ಹೋಗಿ ಪಾಕೆಟ್ಟಿಗೆ ಬಿತ್ತು. ಸದ್ದಿಲ್ಲದ ಆ ಹೊತ್ತಿನಲ್ಲಿ ರವಿಶಂಕರ, ಜೊತೆಗೆ ಓದಿದವನು, ಮದುವೆಯಲ್ಲಿ ಪಕ್ಕದಲ್ಲೇ ನಿಂತಿದ್ದವನು, ಎಲ್ಲರಿಗೂ ಕೇಳುವ ಹಾಗೆ ಅಂದ: "ಲೇ, ಕೈನ ವೈಬ್ರೇಷನ್‌ನಾಗ ಇಟ್ಟೀಯೇನೋ?" ಅಷ್ಟೇ. ಆ ಒಂದು ಮಾತಿಗೆ ಹಾಲ್ ಉರುಳಾಡಿತು. ಮಾರನೇ ದಿನಕ್ಕೆ ಅದು ಹೆಸರಾಯಿತು, ವೈಬ್ರೇಷನ್ ವಾಗೀಶಣ್ಣ. ಇವತ್ತಿಗೂ ಗಿರಾಕಿಯೊಬ್ಬನ ಫೋನ್ ಗಲ್ಲಾಪೆಟ್ಟಿಗೆಯ ಮೇಲೆ ಗುರ್ ಅಂದರೆ, ಪಕ್ಕದವನು ತುಟಿ ಕಚ್ಚಿಕೊಳ್ಳುತ್ತಾನೆ. ಅದನ್ನು ವಾಗೀಶ್ ನೋಡದವನ ಹಾಗೆ ಥಾನು ಸುತ್ತುತ್ತಾನೆ.

ಕಪ್ ಯಾರಿಗೆ ಬೇಕು? ಕಪ್ ತಗೊಂಡು ಊದುಬತ್ತಿ ಸಿಗಿಸಬೇಕೇನು? ಒಂದೇ ಒಂದು ಸಲ, ಜನ ನೋಡುತ್ತಿರುವಾಗ, ಫೈನಲ್‌ನ ಕರಿ ಚೆಂಡನ್ನು ಈ ಕೈಯಿಂದ ನೆಟ್ಟಗೆ ಬೀಳಿಸಬೇಕು, ಆ ಹೆಸರು ಸಾಯಬೇಕು. ಅದಕ್ಕೇ ನಸುಕಿನಲ್ಲಿ ರವಿಶಂಕರನ ಕಾರು ಹತ್ತಿ ಇಲ್ಲಿಗೆ ಬಂದದ್ದು. ದಾರಿಯುದ್ದಕ್ಕೂ ರವಿಶಂಕರ ಉಪದೇಶ ಮಾಡಿದ್ದ: ಉಸಿರು ಬಿಡು, ಜನರನ್ನ ನೋಡಬೇಡ, ಸೊಂಟ ಸಡಿಲ ಬಿಡು. ಹೆಸರಿಟ್ಟವನೇ ಔಷಧಿ ಹೇಳುತ್ತಾನೆ. ವಾಗೀಶ್ ಕಿಟಕಿಯ ಗಾಜು ಇಳಿಸಿ ಮುಖಕ್ಕೆ ಗಾಳಿ ಬಡಿಸಿಕೊಂಡಿದ್ದ. ರವಿತೇಜನ ನೆನಪು ಆಗ ಬಂದದ್ದೋ, ಈಗ ನಲ್ಲಿಯ ಹತ್ತಿರ ಬರುತ್ತಿರುವುದೋ. ರವಿತೇಜ ಟೈಲರು, ಒಳ್ಳೆ ಆಟಗಾರ. ಆರು ವರ್ಷದ ಹಿಂದೆ ಒಂದು ಸಂಜೆ ಅವನ ಹೆಬ್ಬೆರಳು ಚೆಂಡಿಗೆ ತಾಕಿತ್ತು, ಅವನು ಹೇಳಿರಲಿಲ್ಲ, ವಾಗೀಶ್ ನೋಡಿದ್ದ. ನೋಡಿ ಬಿಟ್ಟನೇ? ಇಡೀ ಪಾರ್ಲರಿಗೆ ಕೇಳುವಂತೆ, "ಕಳ್ಳರ ಜೋಡಿ ನಾ ಆಡಂಗಿಲ್ಲ, ಇವ ಬಂದರ ನಾ ಬರಂಗಿಲ್ಲ," ಅಂದಿದ್ದ. ರವಿತೇಜ ತನ್ನ ಚೆಂಡುಗಳನ್ನೆಲ್ಲ ಒಂದೊಂದಾಗಿ ಎತ್ತಿ ತಟ್ಟೆಯಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೋದವನು ಮತ್ತೆ ಮೆಟ್ಟಿಲು ಹತ್ತಲಿಲ್ಲ. ಬಟ್ಟೆಗೂ ಬೇರೆ ಯಾರನ್ನಾದರೂ ಕಳಿಸುತ್ತಾನೆ. ಆ ಸಂಜೆ ವಾಗೀಶನಿಗೆ ಎಷ್ಟು ಸಂತೋಷವಾಗಿತ್ತು! ತನ್ನ ಕೈ ನಡುಗುತ್ತದೆ, ನಿಜ, ಆದರೆ ತನ್ನದು ಕಳ್ಳ ಕೈ ಅಲ್ಲ ಅಂತ ಊರಿಗೆಲ್ಲ ತೋರಿಸಿದ ಸಂತೋಷ.

ಫೋನ್ ಬಂತು, ಹೆಂಡತಿ ಸ್ವಪ್ನಾ. "ಉಂಡ್ರೇನ್ರಿ?" ಉಂಡೆ ಅಂದ. "ಫೈನಲ್ ಎಷ್ಟೊತ್ತಿಗ್ರಿ?" ಮೂರಕ್ಕೆ ಅಂದ. ಮುಂದೆ ಯಾವ ಮಾತು ಬರುತ್ತದೆ ಅಂತ ಅವನಿಗೆ ಗೊತ್ತಿತ್ತು, ಬರಬಾರದು ಬರಬಾರದು ಅಂದುಕೊಂಡ, ಬಂತು. "ಕೈ ಹೆಂಗೈತ್ರಿ?" "ಕೈಗೇನಾಗೇತಿ? ಕಳಚಿ ಬಿದ್ದೇತೇನು? ಹದಿನಾರು ವರ್ಷದಿಂದ ಕೈ ಕೈ ಅಂತ ಸಾಯ್ತೀಯಲ್ಲ, ಬ್ಯಾರೆ ಮಾತಿಲ್ಲೇನು ನಿನ್ನ ಬಾಯಾಗ?" ಅಂತ ಕೂಗಿ ಫೋನ್ ಕಟ್ ಮಾಡಿದ. ಹದಿನಾರು ವರ್ಷವೂ ಅಲ್ಲ, ಒಂಬತ್ತು. ಅವಳು ಒಂದು ಸಲವೂ ಆ ಹೆಸರು ಹಿಡಿದು ನಕ್ಕವಳಲ್ಲ. ಒಮ್ಮೆ ಅವನು ಚಾ ಲೋಟ ತುಳುಕಿಸಿದಾಗ ತಾನೇ ಸೆರಗಿನಿಂದ ನೆಲ ಒರೆಸಿ, ಲೋಟ ತುಂಬಾ ತುಂಬಿಬಿಟ್ಟಿದ್ದೆ ಅಂತ ತಪ್ಪು ತನ್ನ ಮೇಲೆ ಹಾಕಿಕೊಂಡಿದ್ದಳು. ಆವತ್ತೂ ಅವಳಿಗೇ ಬೈದಿದ್ದ. ಮತ್ತೆ ಫೋನ್ ಮಾಡಿ ಒಂದು ಮಾತು ಹೇಳೋಣವೇ ಅಂತ ಯೋಚಿಸುತ್ತಿದ್ದಾಗ ಒಳಗಿನಿಂದ ಜಯಣ್ಣ ಮೇಷ್ಟ್ರು ಹೆಸರು ಕೂಗಿದರು.

ಫೈನಲ್‌ನಲ್ಲಿ ಎದುರಿಗೆ ಗಂಗೋತ್ರಿ. ಈ ಊರಿನವಳೇ, ಇಪ್ಪತ್ತೈದು ಇಪ್ಪತ್ತಾರು ಇರಬಹುದು, ಪ್ರೈವೇಟ್ ಸ್ಕೂಲೊಂದರಲ್ಲಿ ಆಟದ ಟೀಚರ್. ಜಯಣ್ಣ ಮೇಷ್ಟ್ರ ಹಳೇ ಶಿಷ್ಯೆ, ಆದರೆ ಅವರು ಅವಳ ಫೌಲನ್ನೇ ಮೊದಲು ಕೂಗುತ್ತಿದ್ದರು. ಪಕ್ಷಪಾತ ಅಂತ ಜಗಳ ತೆಗೆಯಲೂ ಜಾಗವಿರಲಿಲ್ಲ. ಕೂದಲಿಗೆ ರಬ್ಬರ್ ಬ್ಯಾಂಡ್ ಬಿಗಿದು, ಬಗ್ಗಿ, ಒಂದು ಸಲ ಮಾತ್ರ ಗುರಿ ನೋಡಿ ಹೊಡೆದುಬಿಡುತ್ತಿದ್ದಳು. ಅದೃಷ್ಟಕ್ಕೆ ಒಂದು ಚೆಂಡು ಬಿದ್ದರೆ "ಸಾರಿ ಅಣ್ಣ" ಅನ್ನುತ್ತಿದ್ದಳು. ಅವಳಿಗೂ ಅಣ್ಣ! ಐದರಲ್ಲಿ ಮೂರು ಗೆಲ್ಲಬೇಕು. ಮೊದಲನೆಯದು ಅವಳದು. ಎರಡನೆಯದನ್ನು ವಾಗೀಶ್ ಗೆದ್ದ, ಕರಿ ಚೆಂಡಿಗೆ ಕೋಲಿನಿಂದ ಪಾಕೆಟ್ ತೋರಿಸಿ, ಇದಕ್ಕೆ ಅಂದು, ಬೀಳಿಸಿದ. ಇನ್ನೂ ಮೂರು ಆಟ ಬಾಕಿ ಇದ್ದವು, ಕೈ ಸುಮ್ಮನಿತ್ತು. ಮೂರನೆಯದು ಅವಳದು. ನಾಲ್ಕನೆಯದರಲ್ಲಿ ಅವಳು ಕರಿ ಚೆಂಡಿನ ಜೊತೆ ಬಿಳಿಯದನ್ನೂ ಬೀಳಿಸಿ ತಾನೇ ಸೋತಳು, ನಾಲಗೆ ಕಚ್ಚಿಕೊಂಡು ನಕ್ಕಳು. ಹೇಗೆ ನಗುತ್ತಾಳೆ? ಎಂಬತ್ತು ನೂರು ಜನ ಗೋಡೆಗೆ ಅಂಟಿಕೊಂಡು ನಿಂತು ನೋಡುತ್ತಿರುವಾಗ, ಸೋತು, ಹೇಗೆ ನಗುತ್ತಾಳೆ ಈ ಹುಡುಗಿ? ಅವಳ ಮೇಲೆ ವಾಗೀಶನಿಗೆ ಬಂದ ಸಿಟ್ಟಿಗೆ ಲೆಕ್ಕವಿರಲಿಲ್ಲ.

ಐದನೆಯದು ಎಳೆದಾಡಿತು. ಒಂದೊಂದೇ ಚೆಂಡು ಹೋಗಿ, ಕೊನೆಗೆ ಅವಳ ಎರಡು ಪಟ್ಟೆ ಚೆಂಡು, ಕರಿ ಚೆಂಡು, ಬಿಳಿಯದು, ಇಷ್ಟೇ ಉಳಿದವು. ಸರದಿ ವಾಗೀಶನದು. ಕರಿ ಚೆಂಡು ಆಚೆ ತುದಿಯಲ್ಲಿ, ಎರಡೂ ಮೂಲೆಗಳಿಗೆ ಸರಿಸಮ ದೂರದಲ್ಲಿ ನಿಂತಿತ್ತು. ಪಕ್ಕೆಗೆ ಹೊಡೆದು ಎಡಕ್ಕೂ ಕತ್ತರಿಸಬಹುದು, ಬಲಕ್ಕೂ ಕತ್ತರಿಸಬಹುದು. ಅಂಗಡಿಯಲ್ಲಾಗಿದ್ದರೆ ಕಣ್ಣು ಮುಚ್ಚಿ. ಎಡಕ್ಕೆ ಹೊಡೆಯುವುದು ಅಂತ ಬಗ್ಗುವ ಮೊದಲೇ ನಿಶ್ಚಯವಾಗಿತ್ತು. ಮೊಣಕೈಯಲ್ಲಿ ಇರುವೆ ಹರಿದಂತೆ ಆಯಿತು. ಬಂತು, ಬಂತು ಮುಂಡೇದು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದ. "ಯಾವ ಪಾಕೆಟ್ ಹೇಳ್ರಪ್ಪ," ಎಂದರು ಜಯಣ್ಣ ಮೇಷ್ಟ್ರು. ಕರಿ ಚೆಂಡಿಗೆ ಮಾತ್ರ ಮುಂಚೆಯೇ ಹೇಳಬೇಕು, ಹೇಳಿದ ಪಾಕೆಟ್ ಬಿಟ್ಟು ಬೇರೆಯದಕ್ಕೆ ಬಿದ್ದರೆ ಆಟ ಹೋದಂತೆ. ಎಲ್ಲರೂ ಕೋಲು ಎತ್ತಿ ತೋರಿಸುತ್ತಾರೆ. ಕೋಲು ಎತ್ತಿದರೆ ಅದರ ತುದಿ ಗಾಳಿಯಲ್ಲಿ ಕುಣಿಯುವುದನ್ನು ಹಾಲ್ ಪೂರ್ತಿ ನೋಡುತ್ತದೆ. ಎತ್ತಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಬಾಯಿಂದ ಬಂದದ್ದು, ಇಪ್ಪತ್ತು ವರ್ಷದಿಂದ ಆ ಮೂಲೆಗೆ ಬರುವ ಮಾತು: "ಕೋಟೆ."

ರವಿಶಂಕರನ ಪಾರ್ಲರಿನಲ್ಲಿ ಆರು ಪಾಕೆಟ್ಟಿಗೂ ಹೆಸರುಂಟು. ಯಾರು ಇಟ್ಟರೋ ಗೊತ್ತಿಲ್ಲ. ಟೇಬಲ್ಲಿನ ಯಾವ ಮೂಲೆಯ ಆಚೆಗೆ ಏನಿದೆಯೋ ಅದೇ ಅದರ ಹೆಸರು. ರಾಯದುರ್ಗದ ಬೆಟ್ಟದ ಕಡೆಯದು ಕೋಟೆ. ಉಳಿದ ಮೂಲೆಗಳು ಬಳ್ಳಾರಿ, ಸ್ಟೇಷನ್, ಗುಮ್ಮಘಟ್ಟ. ನಡುವಿನ ಎರಡರಲ್ಲಿ ಒಂದು ಚಾದಂಗಡಿ, ಇನ್ನೊಂದು ಬಾತ್‌ರೂಮು. ಹೊಸಬರು ಕೇಳಿ ನಗುತ್ತಾರೆ, ವಾರದೊಳಗೆ ಅವರೂ "ಬಳ್ಳಾರಿಗೆ ಹೊಡಿಲೇ" ಅನ್ನುತ್ತಾರೆ. ಆಡುತ್ತಾ ಆಡುತ್ತಾ ಬೆಟ್ಟ ಮರೆತು ಹೋಗಿ, ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಆಚೆ ತುದಿಯ ಎಡ ಮೂಲೆ, ಅದು ಕೋಟೆ ಅಂತಷ್ಟೇ ತಲೆಯಲ್ಲಿ ಉಳಿಯುತ್ತದೆ. ಇಲ್ಲಿಯೂ ವಾಗೀಶ್ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಆ ಮಾತು ಆಡಿದ ಮೇಲೆ ಮೊಣಕೈ ಇನ್ನೂ ಜುಂ ಅನ್ನುತ್ತಿತ್ತು. ಉಸಿರು ಬಿಡು ಎಂದ ರವಿಶಂಕರ ನೆನಪಾದ, ಕೈ ಹೆಂಗೈತ್ರಿ ಎಂದ ಹೆಂಡತಿ ನೆನಪಾದಳು, ಗಂಟಲಲ್ಲಿ ನಿಂತ ಮುದ್ದೆ ನೆನಪಾಯಿತು, ಬೆನ್ನು ಸವರಿದ ಆ ಒರಟು ಅಂಗೈ ನೆನಪಾಯಿತು. ಥತ್, ಇವರ ಒಳ್ಳೆಯತನಕ್ಕಿಷ್ಟು! ನೆತ್ತಿಗೇರಿದ ಸಿಟ್ಟು ಎಲ್ಲಾ ಹರಿದು ಬಂದು ಬಲಗೈಗೆ ಇಳಿಯಿತು, ಕೈ ಕಬ್ಬಿಣವಾಯಿತು, ವಾಗೀಶ್ ಹೊಡೆದ. ಬಿಳಿ ಚೆಂಡು ಕರಿಯದರ ಪಕ್ಕೆಗೆ ತಾಕಿದ ಸದ್ದಿನಲ್ಲೇ ಗೊತ್ತಾಯಿತು. ಕರಿ ಚೆಂಡು ಅಂಚಿಗೂ ತಾಗದೆ ಎಡ ಮೂಲೆಗೆ ಹೋಗಿ ಬಿತ್ತು.

ನಡುಗಲಿಲ್ಲ. ನಡುಗಲಿಲ್ಲ! ಒಂಬತ್ತು ವರ್ಷ. ನೆಟ್ಟಗೆ ನಿಂತು ಕೋಲನ್ನು ನೆಲಕ್ಕೆ ಊರಿದ. ಇನ್ನು ಚಪ್ಪಾಳೆ ಬರುತ್ತದೆ, ಅದಕ್ಕೆ ಯಾವ ಮುಖ ಮಾಡಬೇಕೋ ತಿಳಿಯದೆ ಕೆಳಗೆ ನೋಡುತ್ತಾ ಕಾದ. ಬರಲಿಲ್ಲ. ತಲೆ ಎತ್ತಿದಾಗ ಅವನನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರ ಮುಖವೂ ಬಲಗಡೆಗೆ, ಕಿಟಕಿಯ ಕಡೆಗೆ ತಿರುಗಿತ್ತು. ಕಿಟಕಿಯಲ್ಲಿ ಬೆಟ್ಟ. ಬೆಟ್ಟದ ಮೇಲೆ ಮಡಕಶಿರದ ಕೋಟೆ.

"ಕೋಟೆ ಅಂದ್ರಲ್ಲಪ್ಪ," ಎಂದರು ಜಯಣ್ಣ ಮೇಷ್ಟ್ರು, ಬಹಳ ಮೆತ್ತಗೆ. "ಕೋಟೆ ಈ ಕಡೆ ಐತೆ. ಚೆಂಡು ಆ ಕಡೆ ಬಿತ್ತು."

ರವಿಶಂಕರ ಜನರನ್ನು ಸೀಳಿಕೊಂಡು ಮುಂದೆ ಬಂದ. "ಅಯ್ಯ, ಏನ್ರೀ ಮೇಷ್ಟ್ರ! ನಮ್ಮೂರಾಗ ಆ ಮೂಲಿಗೇ ಕೋಟೆ ಅಂತೀವ್ರಿ. ಮೊದ್ಲಿಂದ ಹಂಗೇ ಐತ್ರಿ. ಈ ಕಡಿದು ಬಳ್ಳಾರಿ!" ಹಿಂದಿನಿಂದ ಯಾರೋ, "ನಿಮ್ಮೂರ ಕೋಟೇನ ಕಾರ್ನಾಗೆ ಹಾಕ್ಕಂಡು ಬಂದಿದ್ದೀರಾ ಸ್ವಾಮಿ?" ಅಂದರು. ಇನ್ನೊಬ್ಬರು, "ಬಳ್ಳಾರೀನೂ ತಂದವ್ರೆ!" ಅಂದರು. ಹಾಲ್ ನಕ್ಕಿತು. ರವಿಶಂಕರ ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡಲು ಹೋಗಿ, ಬಾತ್‌ರೂಮಿನ ಹೆಸರನ್ನೂ ಹೇಳಿ, ಇನ್ನಷ್ಟು ನಗಿಸಿದ. ವಾಗೀಶ್ ನಿಂತೇ ಇದ್ದ. ಬಿದ್ದಿದೆ, ಅವನು ಹೇಳಿದ ಕಡೆಗೇ ಬಿದ್ದಿದೆ, ಕೈ ನಡುಗಲಿಲ್ಲ, ಆದರೂ ನಗುತ್ತಿದ್ದಾರೆ! ಇವರಿಗೆ ಇನ್ನೇನು ಮಾಡಿ ತೋರಿಸಬೇಕು?

ಗಂಗೋತ್ರಿ ಮಾತ್ರ ನಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಬಂದಳು. "ಮೇಷ್ಟ್ರೇ, ಅಣ್ಣನ್ನೇ ಕೇಳಿ. ಅವ್ರು ಮನ್ಸಲ್ಲಿ ಯಾವ ಮೂಲೆ ಇಟ್ಕಂಡು ಕೋಟೆ ಅಂದ್ರೋ ಅದೇ ಸರಿ. ಅವ್ರು ಏನ್ ಹೇಳುದ್ರೂ ನಾನು ಒಪ್ಕಂತೀನಿ." ಜಯಣ್ಣ ಮೇಷ್ಟ್ರು ಹೌದು ಎನ್ನುವಂತೆ ತಲೆ ಆಡಿಸಿ ವಾಗೀಶನ ಕಡೆ ತಿರುಗಿದರು. ಬೆಳಿಗ್ಗೆಯಿಂದ ಮೊದಲ ಸಲ ವಾಗೀಶನ ಬಾಯಲ್ಲಿ ಒಂದು ನಿಜವಾದ ಮಾತು ಸಿದ್ಧವಾಗಿತ್ತು. ಎಡ ಮೂಲೆ. ಅದೇ ಅವನ ಕೋಟೆ. ಇದರಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿಲ್ಲ. ಹೇಳಿದರೆ ಆಯಿತು, ಮುಗಿಯಿತು, ಗೆದ್ದ. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಚಿತ್ತಪ್ಪನ ದನಿ ಬಂತು.

"ಕೇಳೋದೇನೈತೆ ಮೇಷ್ಟ್ರೇ? ಬೆಳಗ್ಗೆ ನಾನು ಇವ್ರ ಜತೆ ಆಡಿದೀನಿ. ಸುಳ್ಳಾಡೋ ಮನುಷ್ಯರಲ್ಲ. ಅವ್ರ ಮಾತು ನಂಬ್ರಪ್ಪ."

"ನಿಮ್ಮನ್ನ ಯಾರು ಕೇಳಿದ್ರು?" ತನ್ನ ದನಿ ಅಷ್ಟು ದೊಡ್ಡದಾಗಿ ಬರುತ್ತದೆ ಅಂತ ವಾಗೀಶನಿಗೇ ಗೊತ್ತಿರಲಿಲ್ಲ. "ಬಾಯಿ ಮುಚ್ಕೊಂಡು ಕುಂದ್ರಾಕ ಆಗಂಗಿಲ್ಲೇನ್ರಿ ನಿಮಗ? ಉಣ್ಣಾಕಿಟ್ರಿ, ಸಾಕಾಗಲಿಲ್ಲ, ಈಗ ಸಾಕ್ಷಿ ಬ್ಯಾರೆ ಹೇಳ್ತೀರಿ! ಬೆಳಿಗ್ಗೆ ನಿಮ್ಮ ಹಳದಿ ಚೆಂಡು ನನ್ನ ತೋಳಿಗೆ ತಾಕಿತ್ರಿ. ಸರೀತು. ನಾನು ಹೇಳಲಿಲ್ಲ. ಫೌಲ್ ಅದು, ಫೌಲ್! ನೀವು ಸೋತಿರಲಿಲ್ಲ, ನಾನು ಕದ್ದೆ. ತಿಳೀತೇನ್ರಿ? ಕಣ್ಣಿಲ್ಲೇನ್ರಿ ನಿಮಗ? ನಿಮ್ಮ ಆಟ ನೀವು ನೋಡ್ಕೊಳ್ಳಬಾರದೇನ್ರಿ?" ತಪ್ಪು ಮಾಡಿದವನು ಚಿತ್ತಪ್ಪನೇ ಎಂಬಂತೆ, ಬೆರಳು ತೋರಿಸಿ, ಉಗುಳು ಹಾರಿಸಿ ಕೂಗುತ್ತಿದ್ದ. ರವಿಶಂಕರ ಬಂದು ತೋಳು ಹಿಡಿದ, "ಲೇ, ಹುಚ್ಚು ಹಿಡೀತೇನೋ, ಸುಮ್ನಿರೋ." ವಾಗೀಶ್ ಕೊಡವಿಕೊಂಡ. ಹೇಳಿಬಿಟ್ಟೆ. ಈಗ ಈ ಮನುಷ್ಯ ಬೈಯಲಿ. ಒಂದು ಸಲ ಬೈದುಬಿಡಲಿ, ಕಳ್ಳ ಅನ್ನಲಿ, ಉಣ್ಣಲು ಇಟ್ಟ ಮುಚ್ಚಳ ಎಸೆಯಲಿ. ರವಿತೇಜನ ಹಾಗೆ ತಾನೂ ಚಪ್ಪಲಿ ಮೆಟ್ಟಿ ಇಳಿದು ಹೋಗುತ್ತೇನೆ.

ಚಿತ್ತಪ್ಪ ಬೈಯಲಿಲ್ಲ. ಟವಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡ. ಹೇಳುವುದೋ ಬೇಡವೋ ಎನ್ನುವಂತೆ ಜಯಣ್ಣ ಮೇಷ್ಟ್ರನ್ನು ಒಮ್ಮೆ ನೋಡಿ, ಆಮೇಲೆ ಹೇಳಿದ. "ನೋಡ್ದೆ ಕಣಣ್ಣ. ಚಾಕ್ ಉಜ್ತಿದ್ನಲ್ಲ, ಆಗ್ಲೇ ನೋಡ್ದೆ. ನಿಮ್ ಕೈ ಹಂಗೆ ಅದುರ್ತಿತ್ತು. ಪಾಪ ಅನ್ನುಸ್ತು. ಅದುಕ್ಕೇ ಸುಮ್ಕಾದೆ."

ಪಾಪ. ಪಾಪ ಮಾಡಿದವನು ತಾನು, ಪಾಪ ಅಂದವನು ಅವನು. ಯಾರೂ ನೋಡಲಿಲ್ಲ ಅಂತ ಬೆಳಿಗ್ಗೆಯಿಂದ ಹೊಟ್ಟೆಯಲ್ಲಿಟ್ಟುಕೊಂಡು ಬೆಂದದ್ದು ಎಲ್ಲಾ ಸುಳ್ಳು. ಕದ್ದದ್ದೂ ಸುಳ್ಳು, ಅದು ಕೊಟ್ಟದ್ದು. ಕೈ ನಡುಗುವ ರಾಯದುರ್ಗದ ಮನುಷ್ಯನಿಗೆ ಒಂದು ಆಟ ಬಿಟ್ಟುಕೊಟ್ಟು, ಸೊಪ್ಪಿನ ಸಾರು ಮಾಡಿಸಿ, ಬೆನ್ನು ಸವರಿ, ಈಗ ಸತ್ಯವಂತ ಅಂತ ಚೀಟಿಯನ್ನೂ ಬರೆದುಕೊಡುತ್ತಿದ್ದಾರೆ. ಹಾಲಿನಲ್ಲಿ ಯಾರೂ ನಗುತ್ತಿರಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ. ಎಲ್ಲರ ಮುಖದ ಮೇಲೂ ಚಿತ್ತಪ್ಪನ ಆ ಮಾತೇ ಇತ್ತು, ಗಂಗೋತ್ರಿಯ ಮುಖದ ಮೇಲೂ. ರವಿಶಂಕರನೂ, ಒಂಬತ್ತು ವರ್ಷದಲ್ಲಿ ಮೊದಲ ಸಲ, ನೆಲ ನೋಡುತ್ತಿದ್ದ.

"ಬೆಳಗಿಂದು ಬೆಳಗ್ಗೆಗೇ ಆಯ್ತು, ಇಬ್ರೂ ಸಹಿ ಹಾಕಿದ್ದೀರಿ, ಅದನ್ನ ಮತ್ತೆ ಬಿಚ್ಚಾಕಾಗಲ್ಲ," ಎಂದರು ಜಯಣ್ಣ ಮೇಷ್ಟ್ರು. ದನಿ ಇನ್ನೂ ಮೆತ್ತಗಾಗಿತ್ತು, ಜ್ವರ ಬಂದವರ ಹತ್ತಿರ ಮಾತಾಡುವ ಹಾಗೆ. "ಇದೊಂದು ಹೇಳಿಬಿಡಿ ವಾಗೀಶ್ ಅವರೇ. ಯಾವ ಕೋಟೆ?"

ಎಡಗಡೆಯದು ಅಂದರೆ ನಂಬುತ್ತಾರೆ. ಈಗಂತೂ ಕಣ್ಣು ಮುಚ್ಚಿ ನಂಬುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಈ ಹುಡುಗಿ ಬಂದು ಅಣ್ಣ ಅಂತ ಕೈಕುಲುಕುತ್ತಾಳೆ. ಒಂಬತ್ತು ವರ್ಷ ಬೇಡಿದ್ದು, ನೆಟ್ಟಗೆ ಹೊಡೆದು ಬೀಳಿಸಿದ್ದು, ತನ್ನದೇ ಆದದ್ದು. ಅದನ್ನೂ ಇವರು ಪಾಪ ಅಂತಲೇ ಕೈಗಿಡುತ್ತಾರೆ. ಬೇಡ. ಇವರ ಕೈಯಿಂದ ಇನ್ನೊಂದು ತುತ್ತು ಬೇಡ. ವಾಗೀಶ್ ಕೋಲನ್ನು ಟೇಬಲ್ಲಿನ ಮೇಲಿಟ್ಟ. ಬರಿಗೈಯನ್ನು, ಬಲಗೈಯನ್ನೇ, ಹೆಗಲಿನ ಎತ್ತರಕ್ಕೆ ಪೂರ್ತಿ ಚಾಚಿ, ಕಿಟಕಿಯ ಕೆಳಗಿನ ಬಲ ಮೂಲೆಗೆ ಬೆರಳು ಮಾಡಿದ.

"ಅದು," ಎಂದ. "ನಿಮ್ಮ ಕೋಟೆನೇ ಅಂದಿದ್ದೆ. ಗುರಿ ತಪ್ಪಿತು."

"ಸುಳ್ಳು ಹೇಳಾಕತ್ತಾನ್ರೀ!" ಎಂದು ಕೂಗಿದ ರವಿಶಂಕರ. "ಮೇಷ್ಟ್ರ, ಇವ ಸುಳ್ಳು ಹೇಳಾಕತ್ತಾನ!" ಜಯಣ್ಣ ಮೇಷ್ಟ್ರು ಬರೆಯುವುದೋ ಬೇಡವೋ ಅಂತ ಪೆನ್ನು ಹಿಡಿದುಕೊಂಡು ನಿಂತರು. ಚಾಚಿದ ಕೈ ಮೊಣಕೈಯಿಂದ ಬೆರಳ ತುದಿಯವರೆಗೂ ನಡುಗುತ್ತಿತ್ತು, ಅಂಗಿಯ ತೋಳೂ ಜೊತೆಗೆ ಅಲ್ಲಾಡುತ್ತಿತ್ತು. ಎಲ್ಲರೂ ನೋಡಿ ಮುಗಿಸುವವರೆಗೆ ವಾಗೀಶ್ ಅದನ್ನು ಇಳಿಸಲಿಲ್ಲ.